ಜೋಲಿಗಳ ಡಬ್ಬಿ ಮತ್ತು ಗಾರ್ಡ್ ಮಡಿವಾಳಪ್ಪನವರು

ಹುಬ್ಬಳ್ಳಿಯಿಂದ ಗೋವಾದ ವಾಸ್ಕೋ ಬಂದರಿಗೆ ಹಗಲು ಬಸ್ಸಿನಲ್ಲಿ ಹೋದರೆ ಟಿಕೆಟ್ಟಿಗೆ ಹೆಚ್ಚು ಹಣ, ಮೇಲೊಂದು ದಿನದ ಕೂಲಿಯೂ ಹೋಯಿತು. ಸಂಜೆ ಮುಟ್ಟಿದರೆ ತಂಗಲು ಮತ್ತೆ ಖರ್ಚು. ರಾತ್ರಿ ಗಾಡಿ ಹತ್ತಿದರೆ ಟಿಕೆಟ್ಟು ಅಗ್ಗ, ಮಲಗುವ ಜಾಗವೂ ಅದರಲ್ಲೇ ಬಂತು, ಬೆಳಗಾದರೆ ನೇರ ಕೆಲಸಕ್ಕೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯಿಂದ ದುಡಿಯಲು ಹೋಗುತ್ತಿದ್ದ ನಾವೆಲ್ಲ ಈ ಲೆಕ್ಕದಿಂದಲೇ ಬೆಂಗಳೂರು–ವಾಸ್ಕೋ ರಾತ್ರಿ ಗಾಡಿಯನ್ನು ನಮ್ಮದಾಗಿ ಮಾಡಿಕೊಂಡೆವು. ಆ ಗಾಡಿಯನ್ನು ಹುಬ್ಬಳ್ಳಿಯಿಂದ ಮುಂದೆ ನಡೆಸುತ್ತಿದ್ದ ಗಾರ್ಡುಗಳಲ್ಲಿ ನಾಲತವಾಡದ ಶ್ರೀ ಮಡಿವಾಳಪ್ಪ ಹಡಲಗೇರಿಯವರಿಗೆ ನಮ್ಮ ಜನರಲ್ಲಿದ್ದ ಸ್ಥಾನ ಬೇರೆ ಯಾರಿಗೂ ಇರಲಿಲ್ಲ. ಅವರ ಇಲಾಖೆಯ ಗೆಳೆಯರು ಈ ಅಭಿನಂದನ ಗ್ರಂಥದಲ್ಲಿ ಅವರ ಸೇವೆಯ ವಿವರಗಳನ್ನು ಬರೆದಿರುತ್ತಾರೆ. ಅವರು ಎಚ್ಚರವಿದ್ದ ರಾತ್ರಿಗಳಲ್ಲಿ ಅವರ ಗಾಡಿಯೊಳಗೆ ನಿಶ್ಚಿಂತೆಯಿಂದ ಮಲಗಿದವರ ಪರವಾಗಿ ಹೇಳಿ ಬರೆಸುವ ಅವಕಾಶವನ್ನು ಸಮಿತಿಯವರು ಕನ್ನೊಳ್ಳಿಯ ಹಜರಾಬಿಯಾದ ನನಗೆ ಕೊಟ್ಟಿದ್ದಾರೆ.

ನಾನು ಮೊದಲ ಸಲ ಆ ಗಾಡಿ ಹತ್ತಿದ್ದು ತೊಂಬತ್ತರ ಸುಗ್ಗಿ ಮುಗಿದ ಮೇಲೆ. ಬಿಳಿ ಉಡುಪು ಧರಿಸಿ, ಕೈಯಲ್ಲಿ ದೀಪ ಹಿಡಿದು ಬಂದ ಮಡಿವಾಳಪ್ಪನವರು ನಮ್ಮ ಮಾತಿನ ಧಾಟಿ ಕೇಳಿಯೇ ನಿಂತು, ಊರು ವಿಚಾರಿಸಿ, ನಮ್ಮ ಗಂಟುಗಳನ್ನು ಸರಿಸಿ ವಯಸ್ಸಾದವರಿಗೆ ಜಾಗ ಮಾಡಿಕೊಟ್ಟರು. ಗಾಡಿ ಹೊರಟ ಮೇಲೆ ದೀಪಗಳು ಒಂದೊಂದಾಗಿ ಹಿಂದೆ ಸರಿದು, ಗಾಲಿಗಳ ಸದ್ದು ಎದೆಯ ಬಡಿತದೊಡನೆ ಬೆರೆತು, ಯಾವಾಗ ಕಣ್ಣು ಹತ್ತಿತೆಂದು ತಿಳಿಯಲೇ ಇಲ್ಲ. ನಾನು ಹಡಗನ್ನು ಕಣ್ಣಾರೆ ಕಾಣುವ ಮೊದಲೇ ಆ ನಿದ್ದೆಯಲ್ಲಿ ಹಡಗುಗಳು ನಮ್ಮ ಬಿಳಿಜೋಳದ ಹೊಲದ ನಡುವೆ ಸದ್ದಿಲ್ಲದೆ ಹಾಯ್ದು ಹೋಗಿದ್ದವು.

ನಮ್ಮ ಗುಂಪಿನಲ್ಲಿ ಒಂದು ರೂಢಿಯಿತ್ತು. ಹಗಲೆಲ್ಲ ದುಡಿಯಬೇಕಾದ ತಾಯಂದಿರು ರಾತ್ರಿ ಚೆನ್ನಾಗಿ ಮಲಗಲೆಂದು, ಹೊಟ್ಟೆ ತುಂಬಿಸಿದ ಕೂಸುಗಳನ್ನೆಲ್ಲ ಸಾತವ್ವನೆಂಬ ಹಿರಿಯಳಿಗೆ ಒಪ್ಪಿಸುತ್ತಿದ್ದೆವು. ಅವಳು ಹಳೆಯ ಸೀರೆಗಳಿಂದ ಸಾಲಾಗಿ ಜೋಲಿ ಕಟ್ಟಿ ತೂಗುತ್ತಿದ್ದಳು. ತುದಿಯ ಡಬ್ಬಿ ಹೆಚ್ಚು ಅಲುಗಾಡುತ್ತದೆ, ಕೂಸು ಬೇಗ ಮಲಗುತ್ತದೆ ಎಂದು ಅವಳು ಯಾವಾಗಲೂ ಹಿಂದಿನ ಡಬ್ಬಿಗೇ ಹೋಗುವಳು. ನಾವು ಮುಂದೆ ಜಾಗ ಸಿಕ್ಕಲ್ಲಿ ಒರಗುತ್ತಿದ್ದೆವು.

ತೊಂಬತ್ಮೂರರಲ್ಲಿ ತುದಿಯ ಎರಡು ಡಬ್ಬಿಗಳನ್ನು ನಡುವಿನ ಜಂಕ್ಷನ್ನಿನಲ್ಲಿ ಬಿಚ್ಚಿ, ಬೇರೊಂದು ಗಾಡಿಗೆ ಜೋಡಿಸಿ, ಬೇರೆ ದಿಕ್ಕಿಗೆ ಕಳಿಸುವ ಏರ್ಪಾಡು ಶುರುವಾಯಿತು. ಬೋರ್ಡು ತೂಗುಹಾಕಿದ್ದರು; ಓದಬಲ್ಲವರು ನಮ್ಮಲ್ಲಿರಲಿಲ್ಲ. ಒಂದು ರಾತ್ರಿ ಎರಡೂ ಗಾಡಿಗಳು ಹೊರಡಲು ಸಿದ್ಧವಾಗಿದ್ದಾಗ, ಬಿಚ್ಚಿ ಆಚೆಯ ಪ್ಲಾಟ್‌ಫಾರ್ಮಿನ ಗಾಡಿಗೆ ಜೋಡಿಸಿದ್ದ ಡಬ್ಬಿಯಿಂದ ಜೋಗುಳ ಕೇಳಿ ಮಡಿವಾಳಪ್ಪನವರು ಒಳಗೆ ಇಣುಕಿದರಂತೆ. ನಾಲ್ಕು ಜೋಲಿ, ಒಬ್ಬ ಮುದುಕಿ.

“ಯವ್ವಾ, ಇವುಗಳ ತಾಯಂದ್ರು ಎಲ್ಲಿ?”

“ಮುಂದಿನ ಡಬ್ಬ್ಯಾಗ ಮಲಗ್ಯಾರ. ಮೆಲ್ಲಗ ಮಾತಾಡ್ರಿ ಸಾಹೇಬ್ರ, ಈಗ ಕಣ್ಣು ಹತ್ಯಾವು.”

“ಮುಂದಿನ ಡಬ್ಬಿ ಎಲ್ಲೈತಿಬೇ? ಹಣಿಕಿ ನೋಡು!”

ಸಾತವ್ವ ಕಿಟಕಿಯಿಂದ ನೋಡಿ, “ಅಯ್ಯ, ನಮ್ಮ ಗಾಡಿ ಯಾರು ಒಯ್ದರ್ರೀ?” ಎಂದಳಂತೆ.

ಅವರು ಆ ಗಾಡಿಗೆ ಕೆಂಪು ದೀಪ ತೋರಿಸಿ ನಿಲ್ಲಿಸಿ, ನಮ್ಮ ಗಾಡಿಯ ಕಿಟಕಿಗಳನ್ನು ಬಡಿಯುತ್ತ ಬಂದರು. “ಕೂಸಿನ ತಾಯಂದ್ರು ಏಳ್ರೆವಾ! ಹಳಿ ದಾಟಬ್ಯಾಡ್ರಿ, ಸೇತುವಿ ಮ್ಯಾಲ ಬರ್ರಿ!” ನಾನು ಎಚ್ಚರಾದೆನೋ, ಕನಸಿನಲ್ಲೇ ಓಡಿದೆನೋ ಇಂದಿಗೂ ಹೇಳಲಾರೆ. ಮೆಟ್ಟಿಲುಗಳು ಕಾಲಿಗೆ ತಾಗಿದ ನೆನಪಿಲ್ಲ. ಆ ಕಡೆ ಗಾಬರಿಗೊಂಡ ಸಾತವ್ವ ಕೈಗೆ ಸಿಕ್ಕ ಕೂಸನ್ನು ಸಿಕ್ಕವರಿಗೆ ಕೊಡುತ್ತಿದ್ದಳು.

“ಇದು ನಂದಲ್ಲಬೇ, ಸುವರ್ಣಾಂದು!” ಎಂದು ಪಕ್ಕದಲ್ಲಿದ್ದ ಆ ತಾಯಿಯ ಕೈಗೆ ದಾಟಿಸಿದೆ.

“ಕತ್ತಲಾಗ ಎಲ್ಲಾ ಒಂದ ನಮೂನಿ ಒದರ್ತಾವು, ನಾ ಏನ್ ಮಾಡ್ಲಿ!”

ಆ ಗಾಡಿಯ ಗಾರ್ಡ್ ದೂರದಿಂದ ಕೂಗಿದರು: “ಏ ಮಡಿವಾಳಪ್ಪಾ, ಗಾಡಿ ಬಿಡ್ತೀಯೋ, ಇಲ್ಲೇ ತೊಟ್ಟಿಲ ಕಾರ್ಯ ಮಾಡ್ತೀಯೋ?”

“ಅದನ್ನೂ ಮುಗಿಸೇ ಬಿಡ್ತೇನಿ, ತಡಿಯಪಾ.”

ಪ್ರತಿಯೊಬ್ಬಳೂ ಕೂಸಿನ ಮುಖ ನೋಡಿ ತನ್ನದೇ ಎಂದು ಹೇಳುವವರೆಗೆ ಅವರು ದೀಪದ ಬಿಳಿ ಬೆಳಕನ್ನು ಎತ್ತಿ ಹಿಡಿದು ನಿಂತರು. ಉಳಿದ ಮೂರೂ ಚೀರುತ್ತಿದ್ದವು; ನನ್ನ ಆಯೇಶಾ ಮಾತ್ರ ಆ ಬೆಳಕಿನಲ್ಲಿ ತುಟಿ ಚೀಪುತ್ತ ನಿದ್ದೆ ಮಾಡುತ್ತಿದ್ದಳು. ನಾವೆಲ್ಲ ಮರಳಿ ಹತ್ತಿದ ಮೇಲೆಯೇ ಹಸಿರು ತೋರಿಸಿದರು.

ಮುಂದಿನ ಸಲದಿಂದ ಜೋಲಿ ಕಟ್ಟಬೇಡಿ ಎಂದು ಅವರು ಹೇಳಲಿಲ್ಲ. ಸಾತವ್ವನನ್ನು ನಡುವಿನ ಡಬ್ಬಿಯಲ್ಲಿ ಕೂರಿಸಿದರು. ಅದು ಸರಿಯಾಗಿ ತೂಗುವುದಿಲ್ಲವೆಂದು ಅವಳು ಗೊಣಗಿದರೆ, “ತೂಗೂದು ನಿನ್ನ ಕೆಲಸ, ಓಡ್ಸೂದು ನಂದು” ಎನ್ನುತ್ತಿದ್ದರು. ಸೀಟಿ ಊದುವ ಮೊದಲು “ಕೂಸು ಯಾವ ಡಬ್ಬ್ಯಾಗ ಅದಾವು?” ಎಂದು ಕೇಳುವುದು ಅವರ ಪದ್ಧತಿಯೇ ಆಯಿತು. ಮೀಟರ್ ಗೇಜಿನ ಸಣ್ಣ ಹಳಿ ಹೋಗಿ ದೊಡ್ಡ ಹಳಿ ಬಂದ ಮೇಲೂ, ಬೇರೆ ಪ್ಯಾಸೆಂಜರ್ ಗಾಡಿಗಳಲ್ಲಿ, ನಿವೃತ್ತಿಯವರೆಗೂ ಅದನ್ನು ಬಿಡಲಿಲ್ಲವೆಂದು ಕೇಳಿದ್ದೇನೆ.

ಆ ರಾತ್ರಿ ಎರಡು ಗಾಡಿಗಳು ತಡವಾದದ್ದಕ್ಕೆ ವಿಚಾರಣೆ ನಡೆದದ್ದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ನಾಲತವಾಡದ ಅವರ ಮನೆಗೆ ಹೋದಾಗ. ಮುದುಕಿಯ ಮೇಲೆ ತಪ್ಪು ಹೊರಿಸಿದ್ದರೆ ಅವರು ಪಾರಾಗುತ್ತಿದ್ದರು. ನಿಲ್ಲಿಸಿದ್ದು ನಾನೇ ಎಂದಷ್ಟೇ ಹೇಳಿದರಂತೆ. ಆ ವರ್ಷ ಬಡ್ತಿ ಪಡೆದು ಮೇಲ್ ಗಾಡಿಗೆ ಹೋಗಬೇಕಿದ್ದವರ ಪೈಕಿ ಅವರ ಹೆಸರು ಬಿಟ್ಟುಹೋಯಿತು, ಮತ್ತೆ ಬರಲೇ ಇಲ್ಲ.

“ಮೇಲ್ ಗಾಡ್ಯಾಗ ಎಲ್ಲಾರೂ ಬಾಗಲಾ ಹಾಕ್ಕೊಂಡು ಮಲಗ್ತಾರ. ನನ್ನ ಕೂಡ ಮಾತಾಡವ್ರು ಯಾರಿದ್ರು?” ಎಂದು ಅವರು ನಕ್ಕರು.

ಚಹಾ ತಂದ ಅವರ ಪತ್ನಿ ಲಕ್ಕವ್ವನವರು, “ಈಗ ನಗತಾರ. ಆಗ ತಿಂಗಳಗಟ್ಟಲೆ ನೆಟ್ಟಗ ಉಂಡಿರಲಿಲ್ರೀ” ಎಂದರು.

ಅಷ್ಟು ರಾತ್ರಿ ನಮಗಾಗಿ ಎಚ್ಚರವಿದ್ದ ಹಿರಿಯರಿಗೆ ಇನ್ನು ಮುಂದೆ ಮನಸಾರೆ ನಿದ್ದೆ ಬರಲಿ. ಹಗಲಲ್ಲಿ ನಾಲತವಾಡದ ಬಸ್ ನಿಲ್ದಾಣದಲ್ಲಿ ದುಡಿಯಲು ಹೊರಟವರಿಗೆ ದಾರಿ ಹೇಳುವ ಅವರ ಈಗಿನ ಕೆಲಸ ಬಹುಕಾಲ ನಡೆಯಲಿ. ಲಕ್ಕವ್ವನವರೊಡನೆ ತುಂಬು ಆಯುಷ್ಯ ಕಾಣಲಿ. ಅವರಿಗೆ ಮೇಲ್ ಗಾಡಿ ತಪ್ಪಿತು. ನಮ್ಮ ನಾಲ್ಕು ಮಕ್ಕಳು ನಮ್ಮಲ್ಲೇ ಬೆಳೆದರು.