ಕೀಮನ್ ಬೀರಪ್ಪನ ಎಡ ಹಿಮ್ಮಡಿ

ಬೀರಪ್ಪ ಹೋಗಿ ಇಪ್ಪತ್ತೆರಡು ದಿನವಾಯಿತು. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ಆ ಹೃದಯದ ಬಗ್ಗೆ ಅವನಾಗಲಿ ನಾನಾಗಲಿ ಯಾವತ್ತೂ ಯೋಚಿಸಿರಲಿಲ್ಲ. ನಮ್ಮ ಗಮನವೆಲ್ಲ ಅವನ ಎಡಗಾಲಿನ ಹಿಮ್ಮಡಿಯ ಮೇಲಿತ್ತು.

ಅವನು ರೈಲ್ವೆಯಲ್ಲಿ ಕೀಮನ್. ಬೀರೂರಿನಿಂದ ತರೀಕೆರೆ ಕಡೆಗೆ ಹೋಗುವ ಹಳಿಯಲ್ಲಿ ಆರು ಕಿಲೋಮೀಟರ್ ಅವನ ಪಾಲಿನದು. ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ. ಚೀಲದಲ್ಲಿ ಸುತ್ತಿಗೆ, ಸ್ಪ್ಯಾನರ್, ಕೆಂಪು ಹಸಿರು ಬಾವುಟ. ಹೋಗುವಾಗ ಒಂದು ಹಳಿ ನೋಡುವುದು, ಬರುವಾಗ ಇನ್ನೊಂದು. ಹಳಿಯನ್ನು ಹಿಡಿದಿಡುವ ಕ್ಲಿಪ್ಪು ಸಡಿಲಾಗಿದ್ದು ಕಂಡರೆ ಸುತ್ತಿಗೆಯಿಂದ ಹೊಡೆದು ಕೂರಿಸುವುದು. ಹೀಗೆ ಮೂವತ್ತೊಂದು ವರ್ಷ. ನಾನು ಬೀರೂರಿನ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಕೈಯಲ್ಲಿ ಬೇಕಾದಷ್ಟು ಸಮಯ ಇತ್ತು. ಒಂದು ದಿನ ಲೆಕ್ಕ ಹಾಕಿ, ನೀನು ಭೂಮಿಯನ್ನು ಎರಡು ಸುತ್ತಿಗಿಂತ ಹೆಚ್ಚು ನಡೆದಿದ್ದೀಯ ಎಂದು ಹೇಳಿದೆ.

"ಅಷ್ಟು ನಡೆದು ಬೀರೂರ್ಗೇ ಬಂದೆ ಅಂತಾಯ್ತು," ಅಂದ.

ಐವತ್ತೆಂಟನೆಯ ವರ್ಷದಲ್ಲಿ ನೋವು ಶುರುವಾಯಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಯ ಮೇಲೆ ಸೂಜಿ ಚುಚ್ಚಿದ ಹಾಗೆ. ಅರ್ಧ ಕಿಲೋಮೀಟರ್ ನಡೆದರೆ ಕಡಿಮೆಯಾಗುತ್ತಿತ್ತು. ಕಡಿಮೆಯಾಗುತ್ತದಲ್ಲ ಎಂದು ಎಂಟು ತಿಂಗಳು ಬಿಟ್ಟ. ಆಮೇಲೆ ಅಲ್ಲೊಂದು ಗಂಟು ಕಾಣಿಸಿಕೊಂಡಿತು, ಅವರೆಕಾಳಿನಷ್ಟು. ಹೆಂಡತಿ ಸುಲೋಚನಮ್ಮ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದರು. ಅಂತರಘಟ್ಟೆಯ ಕಡೆಯಿಂದ ಒಬ್ಬರು ಬಂದು ಎಣ್ಣೆ ಹಾಕಿ ನೀವಿದರು. ನೀವುವಾಗ ಬೀರಪ್ಪ ಕೂಗಿದ್ದನ್ನು ಕೇಳಿ, ನೋವು ಹೊರಗೆ ಬರುತ್ತಿದೆ ಎಂದು ಅವರು ಸಮಾಧಾನ ಹೇಳಿದರು. ಅದು ಬರಲಿಲ್ಲ.

ಅವನು ಕುಂಟುವುದನ್ನು ಹಳಿ ಕೆಲಸದ ಗ್ಯಾಂಗಿನ ಮುಖ್ಯಸ್ಥ, ಮೇಟ್ ಷಡಕ್ಷರಿ ನೋಡಿದ. ಕೀಮನ್ ಕುಂಟಿದರೆ ಮೇಲಕ್ಕೆ ತಿಳಿಸಲೇಬೇಕು, ತಿಳಿಸಿದ. ರೈಲ್ವೆ ಡಾಕ್ಟರು ನೋಡಿ, ನಾಲ್ಕು ತಿಂಗಳು ರಜೆ ಬರೆದು, ಆಮೇಲೆ ಪರೀಕ್ಷೆ ಎಂದರು. ಪಾಸಾದರೆ ಹಳಿ. ಇಲ್ಲದಿದ್ದರೆ ನಿವೃತ್ತಿಯವರೆಗೆ ಸಾಹೇಬರ ಬಾಗಿಲ ಹೊರಗೆ ಸ್ಟೂಲು. ಸಂಬಳ ಮಾತ್ರ ಮೊದಲಿನಷ್ಟೇ.

"ನೆರಳಲ್ಲಿ ಕೂರೋಕೆ ಸಂಬಳ ಕೊಡ್ತೀನಿ ಅಂತಾರೆ. ಬೇಡ ಅಂತೀರಲ್ರೀ," ಅಂದರು ಸುಲೋಚನಮ್ಮ.

ಬೀರಪ್ಪ ಚಪ್ಪಲಿ ಮೆಟ್ಟಿ ನನ್ನನ್ನು ಹೊರಗೆ ಕರೆದುಕೊಂಡು ಹೋದ. ಬಸ್‌ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುವಾಗ ನನಗೆ ಹೇಳಿದ: "ಹಳಿ ಮೇಲೆ ನನ್ನ ಯಾರೂ ಕರೆಯಲ್ಲ ಕಣೋ ವೇಣು. ಗಾಡಿ ಬಂದ್ರೆ ನಾನೇ ಪಕ್ಕಕ್ಕೆ ಸರಿತೀನಿ, ಅಷ್ಟೇ. ಆ ಸ್ಟೂಲಲ್ಲಾದ್ರೆ ಸಾಹೇಬ್ರು ಬೆಲ್ ಹೊಡೆದು ಕರೆದಾಗೆಲ್ಲ ಏಳ್ಬೇಕು."

ರಜೆಯ ಮೊದಲ ಮೂರು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಇಷ್ಟು ವಿಶ್ರಾಂತಿಗೆ ಯಾವ ಕಾಲಾದರೂ ಸರಿಹೋಗಲೇಬೇಕು ಎಂದು ನನಗೂ ಅನ್ನಿಸಿತ್ತು. ಇಪ್ಪತ್ತೆರಡನೆಯ ದಿನ ಎದ್ದು ಬೀದಿಯ ಕೊನೆಯವರೆಗೆ ನಡೆದ. ವಾಪಸು ಬರಲು ಆಟೋ ಕರೆಯಬೇಕಾಯಿತು. ಮಾರನೆಯ ದಿನ ಅವನನ್ನು ಕಡೂರಿಗೆ, ಫಿಸಿಯೋಥೆರಪಿ ಮಾಡುವ ಬೃಂದಾ ಎಂಬ ಹುಡುಗಿಯ ಹತ್ತಿರ ಕರೆದುಕೊಂಡು ಹೋದೆ.

ಬೃಂದಾ ಗಂಟನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದಳು.

"ಎಷ್ಟು ದಿನ ರೆಸ್ಟ್ ಮಾಡಿದ್ರಿ ಅಂಕಲ್?"

"ಮೂರು ವಾರ ಮೇಡಂ. ಮಲಗಿದ್ದಲ್ಲೇ."

"ಅದಕ್ಕೇ ಈಗ ಕಾಲು ಭಾರ ತಡೀತಿಲ್ಲ."

ಗಂಟು ಬಂದಿರುವುದು ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ಹುರಿಯಲ್ಲಿ ಎಂದು ವಿವರಿಸಿದಳು. ದುಡಿದು ದುಡಿದು ಅದರ ಎಳೆಗಳು ಕೆಟ್ಟಿವೆ. ಸುಮ್ಮನೆ ಬಿಟ್ಟರೆ ಇನ್ನಷ್ಟು ಬಲ ಕಳೆದುಕೊಳ್ಳುತ್ತದೆ. ಅದಕ್ಕೆ ಭಾರ ಕೊಡಬೇಕು, ಆದರೆ ನಿಧಾನವಾಗಿ, ದಿನಾ.

"ಸಡಿಲ ಆದ್ರೆ ನಾವು ಹೊಡೆದು ಕೂರಿಸ್ತೀವಿ ಮೇಡಂ," ಅಂದ ಬೀರಪ್ಪ.

"ಇದನ್ನ ಹೊಡೀಬೇಡಿ."

ಬಸ್ಸಿನಲ್ಲಿ ಬರುವಾಗ, ಹೋದ ತಿಂಗಳು ಒಂದು ಸಲ ಸುತ್ತಿಗೆಗೆ ಬಟ್ಟೆ ಸುತ್ತಿ ನೋಡಿದ್ದೆ ಎಂದು ಒಪ್ಪಿಕೊಂಡ.

"ಮೆಲ್ಲಗೇ ಹೊಡೆದಿದ್ದು ಕಣೋ," ಅಂದ.

ಔಷಧದ ಅಂಗಡಿಯವರು ಒಂದು ಇಂಜೆಕ್ಷನ್ನಿಗೆ ಮುಗಿಯುತ್ತದೆ ಎಂದಿದ್ದರು. ಅದನ್ನೂ ಬೃಂದಾಳ ಹತ್ತಿರ ಕೇಳಿದ್ದೆ. "ಈ ಜಾಗಕ್ಕೆ ಬೇಡ ಸಾರ್. ನೋವು ಬೇಗ ಹೋಗ್ಬಹುದು, ಹುರಿ ಕಿತ್ತು ಹೋಗೋ ಭಯ ಇರುತ್ತೆ," ಅಂದಿದ್ದಳು. ಆಪರೇಷನ್ನಿನ ಮಾತು ಈಗ ಬೇಡ, ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ಶಿವಮೊಗ್ಗಕ್ಕೆ ಹೋಗಿ ನೋವಿನ ಜಾಗಕ್ಕೆ ಅಲೆಗಳ ಪೆಟ್ಟು ಕೊಡುವ ಶಾಕ್‌ವೇವ್ ಮಷೀನ್ ಹಿಡಿಸಿ ನೋಡೋಣ ಎಂದಳು. ಅಲ್ಲಿಯವರೆಗೆ ಚಪ್ಪಲಿಯೊಳಗೆ ಹಿಮ್ಮಡಿಯ ಕೆಳಗೆ ಒಂದು ತುಂಡು ರಬ್ಬರು. ಜೊತೆಗೆ ಒಂದು ಕಸರತ್ತು. ಮೆಟ್ಟಿಲ ಅಂಚಿನಲ್ಲಿ ಬೆರಳುಗಳ ಮೇಲೆ ನಿಲ್ಲಬೇಕು. ಎರಡೂ ಕಾಲಿನಿಂದ ಮೇಲೇಳಬೇಕು. ಒಳ್ಳೆಯ ಕಾಲು ಎತ್ತಿ, ಕೆಟ್ಟ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ಮೆಲ್ಲಗೆ ಇಳಿಸಬೇಕು. ಹದಿನೈದು ಸಲ ಮಾಡಿ ಒಂದು ನಿಮಿಷ ನಿಲ್ಲುವುದು, ಹಾಗೆ ಮೂರು ಸುತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಹನ್ನೆರಡು ವಾರ. ಸ್ವಲ್ಪ ನೋವಾದರೂ ನಿಲ್ಲಿಸಬಾರದು.

ಬೀರಪ್ಪನ ಮನೆಗೆ ಇದ್ದದ್ದು ಒಂದೇ ಮೆಟ್ಟಿಲು. ಹಿಮ್ಮಡಿ ಇಳಿಸುವ ಮೊದಲೇ ನೆಲ ಸಿಗುತ್ತಿತ್ತು. ಮನೆಯ ಹತ್ತಿರ ಒಂದು ಸಣ್ಣ ಸ್ಟೇಷನ್ ಇದೆ, ಅದರ ಹೆಸರು ಇಲ್ಲಿ ಬೇಡ. ಅದರ ಪ್ಲಾಟ್‌ಫಾರ್ಮಿನ ಅಂಚು ಅವನಿಗೆ ಸರಿಯಾಗಿ ಕಂಡಿತು. ಯಾವ ಗಾಡಿ ಯಾವಾಗ ಬರುತ್ತದೆ ಎಂದು ಅವನಿಗೆ ಹೇಳಬೇಕಾದ್ದಿಲ್ಲ. ಗಾಡಿಯಿಲ್ಲದ ಹೊತ್ತು ನೋಡಿ, ಹಳಿಗೆ ಬೆನ್ನು ಮಾಡಿ, ಬೆರಳುಗಳನ್ನು ಅಂಚಿನ ಮೇಲಿಟ್ಟು ನಿಲ್ಲುತ್ತಿದ್ದ. ನಾನು ಬೆಂಚಿನ ಮೇಲೆ ಕೂತು ಎಣಿಸುತ್ತಿದ್ದೆ. ಐದನೆಯ ವಾರ ಬೃಂದಾ ಭಾರ ಹೆಚ್ಚಿಸಲು ಹೇಳಿದಳು. ಕೆಲಸದ ಚೀಲವನ್ನೇ ಬೆನ್ನಿಗೆ ಹಾಕಿಕೊಂಡ, ಸುತ್ತಿಗೆ ಸಮೇತ.

ರುದ್ರಮೂರ್ತಿ ಎಂಬ ರೈಲ್ವೆ ಪೊಲೀಸಿನವರು ಆ ವಾರ ಹೊಸದಾಗಿ ವರ್ಗವಾಗಿ ಬಂದಿದ್ದರು. ಪ್ಲಾಟ್‌ಫಾರ್ಮಿನ ತುದಿಯಿಂದ ಕಾಲಿನ ಸದ್ದಾಗದ ಹಾಗೆ ನಡೆದುಕೊಂಡು ಬಂದರು.

"ಏನಪ್ಪಾ, ಮನೇಲಿ ಏನಾದ್ರೂ ಮಾತು ಬಂತಾ?" ಎಂದು ಮೃದುವಾಗಿ ಕೇಳಿದರು.

"ಇಲ್ಲ ಸಾರ್. ಹಿಮ್ಮಡಿ."

"ಹನ್ನೊಂದು," ಅಂದೆ ನಾನು.

ಅವರು ನನ್ನ ಕಡೆ ತಿರುಗಿದರು. "ಏನ್ರೀ ಅದು, ನೀವು ಎಣಿಸ್ತಿರೋದು?"

"ಹದಿನೈದಕ್ಕೆ ಮುಗಿಯುತ್ತೆ ಸಾರ್."

ಮುಗಿಯುವವರೆಗೆ ಅವರು ಕಾಯಲಿಲ್ಲ. ಹಾರಿ ಬೀರಪ್ಪನ ಅಂಗಿ ಹಿಡಿದು ಎಳೆದರು. ಬೀರಪ್ಪ ಮುಗ್ಗರಿಸಿದ, ಚೀಲದ ಭಾರಕ್ಕೆ ಇಬ್ಬರೂ ಕೆಳಗೆ ಬಿದ್ದರು. ಬೀರಪ್ಪನ ಮಂಡಿ ತರಚಿತು, ರುದ್ರಮೂರ್ತಿಯವರ ಮೊಣಕೈ. ಸ್ಪ್ಯಾನರು ಹೊರಬಂದು ಹಳಿಗೆ ಬಿತ್ತು. ರುದ್ರಮೂರ್ತಿ ಬರಹದಲ್ಲಿ ಉತ್ತರ ಕೊಡಬೇಕೆಂದರು. ಬರೆದವನು ನಾನು. "ಹಳಿಗೆ ಬೆನ್ನು ಮಾಡಿ ಅಂಚಿನಲ್ಲಿ ನಿಂತದ್ದು ನಿಜ. ಕೆಳಗೆ ಇಳಿಸಿದ್ದು ಹಿಮ್ಮಡಿಯನ್ನು ಮಾತ್ರ. ಚೀಟಿ ಲಗತ್ತಿಸಿದೆ." ಬೃಂದಾ ಕಸರತ್ತು ಬರೆದುಕೊಟ್ಟಿದ್ದ ಚೀಟಿಯನ್ನು ರುದ್ರಮೂರ್ತಿ ಎರಡು ಸಲ ಓದಿದರು. ಆಮೇಲೆ, "ಮೇಲ್ಸೇತುವೆಗೆ ಮೆಟ್ಟಿಲಿಲ್ವೇನ್ರೀ?" ಎಂದು ಕೇಳಿದರು. ಇತ್ತು. ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಮಾರನೆಯ ದಿನದಿಂದ ಮೇಲ್ಸೇತುವೆಯ ಮೂರನೆಯ ಮೆಟ್ಟಿಲು. ನಾನು ಬರಲಾಗದ ದಿನ ರುದ್ರಮೂರ್ತಿ ಎಣಿಸುತ್ತಿದ್ದರು. ಅವರು ಎಣಿಸುವಾಗ ಮೋಸ ಮಾಡೋಕಾಗಲ್ಲ ಎಂದು ಬೀರಪ್ಪ ದೂರಿದ.

ಆರು ವಾರವಾದರೂ ನೋವು ಹಾಗೇ ಇತ್ತು. ಬೀರಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ. "ಲೇ, ನಾನು ಸ್ಟೂಲಿಗೇ ಹೋಗ್ತೀನಿ ಬಿಡೋ," ಅಂದ. "ಒಂದು," ಅಂದೆ ನಾನು. ಅವನು ನನ್ನ ಮುಖ ನೋಡಿ ಎದ್ದು ನಿಂತ.

ಎಂಟನೆಯ ವಾರ ಸುಲೋಚನಮ್ಮ ನನ್ನನ್ನು ಬಾಗಿಲಲ್ಲಿ ತಡೆದು ಹೇಳಿದರು: "ಇವತ್ತು ಬಚ್ಚಲಿಗೆ ಹೋಗ್ವಾಗ ಇವ್ರು ಯಾರಿಗೂ ಬೈಲಿಲ್ಲ ಕಣ್ರೀ." ಬೀರಪ್ಪನನ್ನು ಕೇಳಿದರೆ, ಹೌದಲ್ಲ, ಮೊದಲ ಹೆಜ್ಜೆ ಗೊತ್ತೇ ಆಗ್ಲಿಲ್ಲ ಅಂದ.

ಪರೀಕ್ಷೆಯ ದಿನ ನಾನೂ ಜೊತೆಗೆ ಹೋದೆ. ಡಾಕ್ಟರು ಎಡಗಾಲೊಂದರ ಮೇಲೇ ನಿಂತು ಹಿಮ್ಮಡಿ ಎತ್ತಿ ಇಳಿಸು, ನಾನು ಹೇಳುವವರೆಗೆ ನಿಲ್ಲಿಸಬೇಡ ಎಂದರು. ಬೀರಪ್ಪ ಶುರುಮಾಡಿದ. ಹದಿನೈದಕ್ಕೆ ನಿಂತ.

"ನೋವಾಯ್ತಾ?" ಎಂದು ಕೇಳಿ ಡಾಕ್ಟರು ಪೆನ್ನು ತೆಗೆದರು.

"ಇಲ್ಲ ಸಾರ್. ಹದಿನೈದಕ್ಕೆ ಒಂದು ನಿಮಿಷ ರೆಸ್ಟು."

ಡಾಕ್ಟರು ನನ್ನ ಕಡೆ ನೋಡಿದರು. ಹೌದೆಂದು ನಾನು ತಲೆಯಾಡಿಸಿದೆ. ಅವರು ಗಡಿಯಾರ ನೋಡುತ್ತ ಒಂದು ನಿಮಿಷ ಕಾದರು. ಬೀರಪ್ಪ ಮತ್ತೆ ಹದಿನೈದು ಮಾಡಿದ. ಇನ್ನೊಂದು ಸುತ್ತಿದೆ ಸಾರ್ ಅಂದಾಗ ಸಾಕಪ್ಪಾ ಎಂದು ಸಹಿ ಹಾಕಿದರು.

ಆಮೇಲೆ ಹದಿನಾರು ತಿಂಗಳು ನಡೆದ. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಹೋಗುವಾಗ ಒಂದು ಹಳಿ ನೋಡಿದ, ಬರುವಾಗ ಇನ್ನೊಂದು. ಎರಡು ಕ್ಲಿಪ್ಪು ಸಡಿಲವಾಗಿದ್ದವಂತೆ. ಅದಾಗಿ ಐದು ತಿಂಗಳಿಗೆ, ಒಂದು ಭಾನುವಾರ ಬೆಳಿಗ್ಗೆ, ಹಾಸಿಗೆಯಿಂದ ಏಳಲಿಲ್ಲ.

ನಾನು ಹೋದಾಗ ಅಂಗಳದಲ್ಲಿ ಮಲಗಿಸಿದ್ದರು. ಮಗ ಧರ್ಮೇಶ್ ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ದಾರ ಕಟ್ಟುತ್ತಿದ್ದ. ದಾರ ಜಾರಿ ಗಂಟು ನಿಲ್ಲುತ್ತಿರಲಿಲ್ಲ. ಪಾದಗಳನ್ನು ನಾನು ಹಿಡಿದುಕೊಂಡೆ. ಎಡ ಹಿಮ್ಮಡಿಯ ಮೇಲಿನ ಅವರೆಕಾಳು ಅಂಗೈಗೆ ಸಿಕ್ಕಿತು. ನೋವು ಹೋದರೂ ಗಂಟು ಉಳಿಯಬಹುದು ಎಂದು ಬೃಂದಾ ಹೇಳಿದ್ದಳು.

ಹೆಂಗಸರು ಅವನ ಹೆಸರು ಹಿಡಿದು ಕರೆದು ಅಳುತ್ತಿದ್ದರು. ಏಳು ಬೀರಪ್ಪಾ ಎಂದು ಅವನ ಅಕ್ಕ ಕರೆದರು. ನನ್ನ ಪಕ್ಕದಲ್ಲಿ ನಿಂತವರು ಯಾರೋ, ನೀನೂ ಒಂದು ಸಲ ಕರೆದುಬಿಡಪ್ಪಾ, ಮನಸ್ಸು ಹಗುರಾಗುತ್ತೆ ಅಂದರು.

ಕರೆದಾಗೆಲ್ಲ ಏಳುವುದು ಬೇಡವೆಂದೇ ಅವನು ಹನ್ನೆರಡು ವಾರ ಆ ಹಿಮ್ಮಡಿ ಇಳಿಸಿದ್ದು. ನಾನು ಕರೆಯಲಿಲ್ಲ.