ಈಬೂತಿ ಊದಿಸಿಕೊಂಡ ಸಿಪಿಯು

ತಿ. ನರಸೀಪುರದಲ್ಲಿ ಹೆಂಗಸರಿಗೆ ಕಂಪ್ಯೂಟರ್ ರಿಪೇರಿ ಕಲಿಸುವ ಹದಿನೈದು ದಿನದ ತರಗತಿ ನನ್ನದು. ಮೊದಲ ದಿನವೇ ಹುಲ್ಲಹಳ್ಳಿಯ ಮಲ್ಲಾಜಮ್ಮ ಎರಡು ಬಸ್ಸು ಹತ್ತಿಳಿದು, ಹಳೇ ಸೀರೆಯಲ್ಲಿ ಸುತ್ತಿದ ಸಿಪಿಯುವನ್ನು ಎದೆಗವಚಿಕೊಂಡು ಬಂದರು. ಅಂಗನವಾಡಿಯಿಂದ ನಿವೃತ್ತರು, ವಯಸ್ಸು ಅರವತ್ತೊಂದು. ನಾನು ದೊಡ್ಡ ಮನುಷ್ಯನಂತೆ ರಿಪೇರಿ ಅಂಗಡಿಯ ದಾರಿ ತೋರಿಸಹೋದೆ.

"ಮಾಡ್ಸಾಕ್ ಬಂದಿಲ್ಲ ಕಣಪ್ಪ, ಕಲಿಯಾಕ್ ಬಂದಿವ್ನಿ" ಎಂದರು. ನಾನು ಮುಂದಿನ ಸಾಲಿನ ಮೇಜು ಖಾಲಿ ಮಾಡಿಕೊಟ್ಟೆ.

ಅಕ್ಷರ ಬಾರದ ಅವರವ್ವನಿಗೆ ನೂರನಲವತ್ತು ಸೋಬಾನೆ ಪದ ಬಾಯಲ್ಲೇ ಇದ್ದವಂತೆ. ಅವ್ವ ತೀರಿಹೋಗಿ, ಇವರು ಪದ ಬರೆದಿಟ್ಟಿದ್ದ ಪುಸ್ತಕಕ್ಕೆ ಗೆದ್ದಲು ಹತ್ತಿದ ಮೇಲೆ, ಉಳಿದದ್ದನ್ನು ನೆನಪಿನಿಂದ ತುಂಬಿಸಿ ಎರಡು ವರ್ಷ ಒಂದೇ ಬೆರಳಲ್ಲಿ ಟೈಪ್ ಮಾಡಿದ್ದರು. ಈಗ ಆ ಪದಗಳಿದ್ದದ್ದು ಈ ಡಬ್ಬದಲ್ಲಿ ಮಾತ್ರ. ಅದೋ ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಆರಿಹೋಗುತ್ತಿತ್ತು.

ಮುಚ್ಚಳ ಬಿಚ್ಚಿದರೆ ಫ್ಯಾನಿಗೆಲ್ಲ ಸುಣ್ಣ ಬಳಿದಂತೆ ಬಿಳಿ ಪುಡಿ. ವಿಚಾರಿಸಿದರೆ, ಪ್ರತಿ ಸೋಮವಾರ ಸಿಪಿಯುಗೆ ವಿಭೂತಿ ಇಟ್ಟು, ಒಳಗೂ ತಲುಪಲಿ ಎಂದು ತೂತಿನಿಂದ ಒಂದು ಚಿಟಿಕೆ ಊದುತ್ತಿದ್ದರಂತೆ. ನಾನು ಗೊಳ್ಳೆಂದು ನಕ್ಕುಬಿಟ್ಟೆ. ಅವರ ಮುಖ ಸಪ್ಪಗಾಯಿತು. ನನಗೆ ನಾಚಿಕೆಯಾಯಿತು.

"ಸಾಮಿ ಈಬೂತಿನೂ ಕೆಡುಕು ಮಾಡ್ತದಾ?"

ವಿಭೂತಿಯದೇನೂ ತಪ್ಪಿಲ್ಲ, ಫ್ಯಾನ್ ಗಾಳಿ ಎಳೆಯುವಾಗ ಪುಡಿ ಅಡ್ಡಬಂದು ಒಳಗೆ ಕಾವೇರುತ್ತದೆ ಎಂದೆ. ಉಸಿರುಗಟ್ಟಿದೆ ಅನ್ನಿ, ಎಂದು ಅವರೇ ಬ್ರಷ್ ಕೈಗೆತ್ತಿಕೊಂಡರು. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಮೂಲೆಮೂಲೆ ಕೆದಕಿ ತೆಗೆದರು. ಸಂಜೆಯವರೆಗೂ ಯಂತ್ರ ಆರಲಿಲ್ಲ. ಮರುದಿನದಿಂದ ತರಗತಿಗೆಲ್ಲ ಅವರದೇ ಪಾಠ: ವಿಭೂತಿಯನ್ನು ನೆನೆಸಿ ಹೊರಗೆ ಬಳಿಯಿರಿ, ಊದಬೇಡಿ.

ವೈರಸ್ ಪಾಠ ಅವರಿಗೆ ನೀರು ಕುಡಿದಷ್ಟು ಸಲೀಸಾಯಿತು. ಯಾರದೇ ಪೆನ್‌ಡ್ರೈವ್ ಬರಲಿ, ಸ್ಕ್ಯಾನ್ ಆಗದೆ ಒಳಗಿಲ್ಲ. ಕಾಲು ತೊಳೆಯದೆ ಮನೆಯೊಳಗೆ ಬಿಟ್ಟುಕೊಳ್ಳುತ್ತೀವಾ, ಎನ್ನುತ್ತಿದ್ದರು. ಒಂದೇ ಕಡೆ ಇಟ್ಟದ್ದನ್ನು ನಂಬಬೇಡಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ ಎಂದು ನಾನು ಹೇಳಿದ ದಿನವೇ ಪದಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿ, ಕಳಲೆಯಲ್ಲಿರುವ ಮಗಳು ಅರ್ಪಿತಳಿಗೆ ಕೊಟ್ಟುಬಂದರು.

ಕೊನೆಯ ದಿನ ಎಲ್ಲರಿಗೂ ಪದ ತೋರಿಸಲು ಮಲ್ಲಾಜಮ್ಮ ಸಿಪಿಯು ಆನ್ ಮಾಡಿದರು. ಒಳಗೆ ಟಕ್ ಟಕ್ ಎಂದು ಪರದೆ ಕಪ್ಪಾಯಿತು. ಹಾರ್ಡ್‌ಡಿಸ್ಕ್ ಹೋಗಿತ್ತು. ನಾನು ಮುಚ್ಚಳ ಬಿಚ್ಚತೊಡಗಿದೆ. ಅವರು ಮೊಬೈಲ್ ತೆಗೆದು ಅರ್ಪಿತಳಿಗೆ ವಿಡಿಯೋ ಕಾಲ್ ಮಾಡಿ, ಎಲ್ಲರಿಗೂ ಕಾಣುವಂತೆ ಹಿಡಿದು, ಪದ ಇವೆಯಾ ನೋಡಿ ಒಂದು ಓದು ಎಂದರು.

ಅರ್ಪಿತ ಪೆನ್‌ಡ್ರೈವ್ ಹಾಕಿ ನೋಡಿ, ಎಲ್ಲ ಇವೆ ಎಂದಳು. ಆದರೆ ಓದಲಿಲ್ಲ, ಹಾಡಿದಳು. ತನ್ನ ಕಂಪ್ಯೂಟರ್ ಕಡೆಗೂ ನೋಡದೆ, ನಿಲ್ಲದೆ, ನಾಲ್ಕು ನುಡಿ. ಎರಡನೆಯ ನುಡಿಗೆ ತರಗತಿಯ ಹೆಂಗಸರೆಲ್ಲ ಸೊಲ್ಲು ಹಿಡಿದು ದನಿಗೂಡಿಸಿದರು. ಮಲ್ಲಾಜಮ್ಮ ಮಾತ್ರ ಹಾಡಲಿಲ್ಲ; ನಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದರು.

ಹೊಸ ಡಿಸ್ಕ್ ನಾನೇ ಹಾಕಿಕೊಡುತ್ತೇನೆ ಎಂದು ಸಮಾಧಾನ ಹೇಳಹೋದೆ.

"ಆಕುವಂತೆ ಬಿಡಪ್ಪ, ಅವಸ್ರ ಏನದೆ? ನಾನು ಏಳ್ಕೊಟ್ರೆ ಒಂದ್ ಪದನೂ ಕಲೀನಿಲ್ಲ ಇವ್ಳು. ಈಗ ನಮ್ಮವ್ವ ಇವ್ಳ ಬಾಯ್ಗೆ ಬಂದವ್ಳೆ."