ಜಿಂಕೆ ದಾರಿಯಲ್ಲಿ ನಮ್ಮತ್ತೆಯ ಕೈಗಳು

ಜೀಪಿನಲ್ಲಿ ನನ್ನ ಪಕ್ಕ ಕೂತರೆ ನಮ್ಮತ್ತೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ನಾರಾಯಣಪೇಟೆ ಬಿಟ್ಟು ಮಕ್ತಲ್ ಹಾದು ಗದ್ವಾಲ ಸೇರುವವರೆಗೂ ಹೊರಗೆ ತೆಗೆಯುತ್ತಿರಲಿಲ್ಲ. ಮುಖದ ಮೇಲೆ ನೊಣ ಕೂತರೆ ತಲೆ ಕೊಡವುತ್ತಿದ್ದರು, ಸೆರಗು ಜಾರಿದರೆ ಜಾರಲಿ ಎಂದು ಬಿಡುತ್ತಿದ್ದರು. ಇಳಿಯುವಾಗ ನೋಡಿದರೆ ಬೆರಳು ಬಿಳಿಚಿಕೊಂಡು, ಸೀಟಿನ ಹೊಲಿಗೆಯ ಅಚ್ಚು ಮುಂಗೈ ಮೇಲೆ ಮೂಡಿರುತ್ತಿತ್ತು. ಸೊಂಟನೋವಿಗೆ ಹಾಗೆ ಕೂರುತ್ತಾಳೆ ಎಂದು ನನ್ನ ಗಂಡ ಹೇಳಿದ್ದ. ನಾನೂ ನಂಬಿದ್ದೆ.

ಗಾಡಿ ಓಡಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಗಂಡನ ಕಾಲಿನಿಂದ. ಮಗ್ಗದವರ ಮನೆಗಳಿಂದ ಸೀರೆ ಎತ್ತಿ ಗದ್ವಾಲದ ಅಂಗಡಿಗಳಿಗೆ ಮುಟ್ಟಿಸುವುದು ಮಾವನವರ ಕಾಲದಿಂದಲೂ ನಮ್ಮ ಮನೆಯ ವ್ಯಾಪಾರ. ಗಂಡನಿಗೆ ಒಂಬತ್ತು ವರ್ಷವಿದ್ದಾಗ ಒಂದು ಸಂಜೆ ವಾಪಸು ಬರುವ ದಾರಿಯಲ್ಲಿ ಜಿಂಕೆ ಅಡ್ಡ ಬಂದು, ಜೀಪು ಬೇವಿನ ಮರಕ್ಕೆ ಬಡಿಯಿತು. ಓಡಿಸುತ್ತಿದ್ದ ಮಾವ ಅಲ್ಲೇ ಹೋದರು. ಹಿಂದೆ ಮಗ್ಗದವರಿಗೆಂದು ತಂದ ನೂಲಿನ ಗಂಟುಗಳ ಮೇಲೆ ನಿದ್ದೆ ಹೋಗಿದ್ದ ಹುಡುಗನ ಎಡಗಾಲು ನುಜ್ಜಾಯಿತು. ಆ ಕಾಲಿನಿಂದ ಕ್ಲಚ್ ಒತ್ತಲಾಗುವುದಿಲ್ಲ. ಮುಂದೆ ಕೂತಿದ್ದ ಅತ್ತೆಗೆ ತರಚಿದ ಗಾಯ ಬಿಟ್ಟರೆ ಏನೂ ಆಗಲಿಲ್ಲ, ಜಿಂಕೆಗೆ ಅದೂ ಇಲ್ಲ. ಮೂಕಪ್ರಾಣಿಯನ್ನು ಉಳಿಸಲು ಹೋಗಿ ಜೀವ ಕೊಟ್ಟ ಪುಣ್ಯಾತ್ಮ ಎಂದು ಪ್ರತಿ ವರ್ಷ ತಿಥಿಗೆ ಬಂದ ನೆಂಟರು ಕಣ್ಣೊರೆಸಿಕೊಳ್ಳುತ್ತಾರೆ, ಆಮೇಲೆ ಗಡದ್ದಾಗಿ ಉಂಡು ಹೋಗುತ್ತಾರೆ. ಆ ಮಾತು ಶುರುವಾದ ಕೂಡಲೇ ಅತ್ತೆ ಅಡಿಗೆಮನೆಗೆ ಎದ್ದು ಹೋಗುತ್ತಿದ್ದರು.

ನಾನು ಮದುವೆಯಾಗಿ ಬಂದ ಮೂರನೇ ತಿಂಗಳಿಗೆ ಸಂಬಳದ ಡ್ರೈವರನನ್ನು ಬಿಡಿಸಿ ನನ್ನನ್ನು ಕೂರಿಸಿದರು. ಗೇರು, ಬ್ರೇಕು ಪಕ್ಕದ ಮನೆಯ ಲಾರಿಯವರು ಹೇಳಿಕೊಟ್ಟರು. ಉಳಿದದ್ದನ್ನು ಕಲಿಸಿದ್ದು ಅತ್ತೆ, ಸ್ಟೇರಿಂಗನ್ನು ಒಮ್ಮೆಯೂ ಮುಟ್ಟದೆ. ಹೊತ್ತು ಹುಟ್ಟುವಾಗ ಮತ್ತು ಮುಳುಗುವಾಗ ಹೊಲದ ಪಕ್ಕ ನಿಧಾನ ಹೋಗಬೇಕು. ಒಂದು ಜಿಂಕೆ ದಾಟಿತೆಂದರೆ ಹಿಂಡೇ ಇದೆ ಎಂದು ತಿಳಿದು ನಿಲ್ಲಬೇಕು. ಎಲ್ಲ ದಾಟಿದವೆಂದು ಹೊರಟಾಗಲೇ ಹಿಂದುಳಿದದ್ದೊಂದು ಹಾರುತ್ತದೆ. ಹಾರಿದರೆ ಬ್ರೇಕು ಒತ್ತು, ಸ್ಟೇರಿಂಗ್ ತಿರುವಬೇಡ, ಬಡಿದರೆ ಬಡಿಯಲಿ. ಇಷ್ಟೇ ಅವರ ಪಾಠ. ಗಂಡ ಗಾಡಿಯ ಮುಂದೆ ಕಬ್ಬಿಣದ ಗಾರ್ಡು ಹಾಕಿಸೋಣ ಎಂದದ್ದಕ್ಕೆ ಅತ್ತೆ ನಕ್ಕರು. "ಕೈ ಸೊಟ್ಟ ಹೋದ ಮ್ಯಾಲೆ ಕಬ್ಬಿಣ ತಗೊಂಡು ಏನ್ ಮಾಡ್ತೀ? ಗಾರ್ಡ್ ಈಕಿ ಕೈಗೆ ಹಾಕಬೇಕು."

ಹಾಕಿದರು ಕೂಡ. ಎರಡು ಗೋಣಿಚೀಲ ಸೇರಿಸಿ ಹೊಲಿದು, ಮಗ್ಗದಲ್ಲಿ ಉಳಿದ ನೂಲಿನ ಚಿಂದಿ ತುಂಬಿ, ಕರುವಿನ ಗಾತ್ರದ ಮೂಟೆ ಮಾಡಿದರು. ಬೆಳಿಗ್ಗೆ ಕೆರೆಯ ಹಿಂದಿನ ಮಣ್ಣು ದಾರಿಗೆ ನನ್ನನ್ನು ಕರೆದೊಯ್ದು, ತಾವು ಜಾಲಿ ಪೊದೆಯ ಹಿಂದೆ ನಿಂತು, ಗಾಡಿ ಹತ್ತಿರ ಬಂದಾಗ ಮೂಟೆಯನ್ನು ಎದುರಿಗೆ ಎಸೆಯುತ್ತಿದ್ದರು. ನನ್ನ ಕೈ ತಾನಾಗಿಯೇ ತಿರುಗುತ್ತಿತ್ತು. ಗಾಡಿ ನಿಂತ ಮೇಲೆ ಬಂದು, ಸೊಂಟಕ್ಕೆ ಸಿಕ್ಕಿಸಿದ ಮಗ್ಗದ ಲಾಳಿ ತೆಗೆದು, ನನ್ನ ಬೆರಳಿನ ಗೆಣ್ಣುಗಳ ಮೇಲೆ ಹೊಡೆಯುತ್ತಿದ್ದರು. ಹೊಡೆಯುವಾಗ ಮುಖದಲ್ಲಿ ಸಿಟ್ಟೂ ಇರುತ್ತಿರಲಿಲ್ಲ. ನಾನು ನೆಟ್ಟಗೆ ಹೋಗಿ, ಮೂಟೆ ಒಡೆದು ಕೆಂಪು ಹಳದಿ ನೂಲು ದಾರಿ ತುಂಬ ಚೆಲ್ಲಿದ ದಿನ ಮಾತ್ರ ಹೊಡೆತವಿಲ್ಲ. ಕೂತು ಅದನ್ನೆಲ್ಲ ಆಯ್ದು ಮತ್ತೆ ತುಂಬಬೇಕು.

ಇಪ್ಪತ್ತು ದಿನವಾದ ಮೇಲೆ ಮೂಟೆಗೆ ನಾನು ಹೆದರುವುದು ಬಿಟ್ಟೆ. ಅದು ಅವರಿಗೆ ಗೊತ್ತಾಯಿತು. ಮರುದಿನ, ಇವತ್ತು ಒಳಗೆ ಜೀವಂತ ಕೋಳಿ ಇದೆ ಎಂದರು. ನನ್ನ ಕೈ ತಿರುಗಿತು, ಗಾಡಿ ಜಾಲಿಗೆ ನುಗ್ಗಿತು. ಮೂಟೆ ಬಿಚ್ಚಿ ತೋರಿಸಿದರು; ಬರೀ ನೂಲು. ಆ ದಿನದ ಪೆಟ್ಟಿಗೆ ನನ್ನ ನಡುಬೆರಳು ವಾರ ಕಾಲ ಮಡಚಲಿಲ್ಲ. ಅದರ ಮಾರನೇ ದಿನವೂ ಕೋಳಿ ಇದೆ ಎಂದರು. ಮುದುಕಿಯ ಸುಳ್ಳು ಎಂದುಕೊಂಡು ಹಲ್ಲು ಕಚ್ಚಿ ನೆಟ್ಟಗೆ ಹೋದೆ. ಚಕ್ರದ ಕೆಳಗಿಂದ ಸದ್ದು ಬಂತು.

"ನಿನ್ನೆ ಇದ್ದಿಲ್ಲ. ಇವತ್ತ ಇತ್ತು," ಎಂದರು ಅತ್ತೆ.

ಮಧ್ಯಾಹ್ನ ಅದರ ಸಾರು ಮಾಡಿ ನನಗೇ ಮೊದಲು ಬಡಿಸಿದರು. ತಟ್ಟೆ ಖಾಲಿಯಾಗುವವರೆಗೆ ಎದುರಿಗೆ ಕೂತರು. ನಾನು ಅವರನ್ನು ದ್ವೇಷಿಸತೊಡಗಿದ್ದು ಆ ಊಟದಿಂದ. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ.

ಹತ್ತು ವರ್ಷ ಆ ದಾರಿಯಲ್ಲಿ ಓಡಾಡಿದೆ. ಕಪ್ಪು ಹೊಲಗಳಲ್ಲಿ ಹಿಂಡು ಹಿಂಡಾಗಿ ನಿಂತ ಜಿಂಕೆಗಳನ್ನು ಕಂಡು ನಿಂತೆ, ಎಣಿಸಿದೆ, ಕಾದೆ. ಒಂದೂ ಬಡಿಯಲಿಲ್ಲ. ಒಂದು ಸಂಜೆ ಗದ್ವಾಲದಿಂದ ಬರುತ್ತಿದ್ದೆವು. ಗಂಡ ಹಿಂದೆ ಗಂಟುಗಳಿಗೆ ಒರಗಿ ನಿದ್ದೆ ಮಾಡುತ್ತಿದ್ದ. ಮಕ್ತಲ್ ಇನ್ನೂ ದೂರವಿತ್ತು, ಎಡಕ್ಕೆ ತುಂಬಿ ಹರಿಯುವ ಕಾಲುವೆ. ಹಿಂಡು ದಾಟಿತು, ನಿಂತು ಬಿಟ್ಟುಕೊಟ್ಟೆ. ಹೊರಟು ವೇಗ ಹಿಡಿಯುವಷ್ಟರಲ್ಲಿ ತೊಗರಿ ಹೊಲದಿಂದ ಇನ್ನೊಂದು ಹಾರಿತು. ಬ್ರೇಕು ಒತ್ತಿ ಸ್ಟೇರಿಂಗ್ ಬಿಗಿ ಹಿಡಿದೆ.

ಆಗ ಅತ್ತೆಯ ಬಲಗೈ ತೊಡೆಯ ಕೆಳಗಿಂದ ಬಂತು. ಸ್ಟೇರಿಂಗ್ ಹಿಡಿದು ಕಾಲುವೆಯ ಕಡೆಗೆ ಜಗ್ಗಿತು.

ಎಡಮೊಳಕೈಯಿಂದ ನಾನು ಆ ಕೈಯನ್ನು ಇದ್ದ ಬಲವೆಲ್ಲ ಹಾಕಿ ಹೊಡೆದೆ. ಎಲುಬು ಮುರಿದ ಸದ್ದೂ ಜಿಂಕೆ ಬಡಿದ ಸದ್ದೂ ಒಟ್ಟಿಗೇ ಕೇಳಿದವು. ಗಾಡಿ ನೆಟ್ಟಗೆ ಹೋಗಿ ನಿಂತಿತು. ಒಂದು ಲೈಟು ಒಡೆದಿತ್ತು, ಬಾನೆಟ್ ತಗ್ಗಾಗಿತ್ತು, ಅಷ್ಟೇ. ಜಿಂಕೆ ಡಾಂಬರಿನ ಮೇಲೆ ಕಾಲು ಬಡಿಯುತ್ತಾ ಬಿದ್ದಿತ್ತು. ಎಚ್ಚರವಾದ ಗಂಡ ಇಳಿದು, ಫಾರೆಸ್ಟಿನವರಿಗೆ ಫೋನ್ ಮಾಡಲು ಸಿಗ್ನಲ್ ಹುಡುಕುತ್ತಾ ಕುಂಟಿಕೊಂಡು ಕಾಲುವೆಯ ಏರಿ ಹತ್ತಿದ. ಅತ್ತೆ ಅವನ ಕಾಲನ್ನೇ ನೋಡುತ್ತಿದ್ದರು.

"ಅವತ್ತೂ ಹಿಂಗ ಬಂತು ಈ ಕೈ," ಎಂದರು. "ಅವ್ರು ನೆಟ್ಟಗ ಹಿಡಿದಿದ್ರು. ಜಗ್ಗಿದಾಕಿ ನಾ."

ನನಗೆ ಕನಿಕರ ಬರಲಿಲ್ಲ, ಮೈಯೆಲ್ಲ ಉರಿಯಿತು. ಅವರ ಕೈಯ ತಪ್ಪಿಗೆ ನನ್ನ ಬೆರಳುಗಳು ಪೆಟ್ಟು ತಿಂದಿದ್ದವು. ಹಂಗಾರ ನನ್ನ ಯಾಕ ಬಡಿದ್ರಿ ಎಂದು ಕೇಳಿಯೇಬಿಟ್ಟೆ.

"ನನ್ನ ಕೈ ಬಡಿಯಾವ್ರು ಯಾರೂ ಇದ್ದಿಲ್ಲ," ಎಂದರು. "ಇವತ್ತ ನೀ ಬಡಿದಿ. ಚಲೋ ಮಾಡಿದಿ."

ಗಂಡ ಬರುವಷ್ಟರಲ್ಲಿ ಜಿಂಕೆ ಸತ್ತಿತ್ತು. ಅತ್ತೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಮನೆಗೆ ಬಂದ ಮೇಲೆ ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಎಲ್ಲರಿಗೂ ಹೇಳಿದರು. ದವಾಖಾನೆಗೆ ಹೋಗಲು ಒಪ್ಪಲಿಲ್ಲ. ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿತು. ಅಂದಿನಿಂದ ಒಮ್ಮೆಯೂ ಮುಂದಿನ ಸೀಟಿನಲ್ಲಿ ಕೂರಲಿಲ್ಲ.

ಹೋದ ವರ್ಷ ತೀರಿಕೊಂಡರು. ಮೀಸುವಾಗ ಓಣಿಯ ಹೆಂಗಸರು ಕೈ ಯಾಕೆ ಹೀಗೆ ಎಂದು ಕೇಳಿದರು. ಬಚ್ಚಲಲ್ಲಿ ಬಿದ್ದಿದ್ದರು ಎಂದೆ. ಆಚೆ ಪಡಸಾಲೆಯಲ್ಲಿ ಗಂಡ, ಜಿಂಕೆಗಾಗಿ ಪ್ರಾಣ ಕೊಟ್ಟ ಅಪ್ಪನ ಹತ್ತಿರ ಅವ್ವ ಹೋದಳು ಎಂದು ಅಳುತ್ತಿದ್ದ. ಅವನು ಬದುಕಿದ್ದಾನೆ, ನಾನು ಬದುಕಿದ್ದೇನೆ. ಅದು ಆ ಮುದುಕಿಯ ಋಣ. ಅವನ ಕಾಲು ಹೋದದ್ದೂ ಅವರಿಂದಲೇ. ಅದನ್ನು ಅವನಿಗೆ ನಾನು ಹೇಳಿಲ್ಲ.

ಮಗಳಿಗೆ ಈ ಯುಗಾದಿಗೆ ಹದಿನೆಂಟು ತುಂಬಿತು. ಗಾಡಿ ಕಲಿಸು ಎಂದು ಬೆನ್ನು ಬಿದ್ದಿದ್ದಾಳೆ. ನಾನು ಎರಡು ಗೋಣಿಚೀಲ ಸೇರಿಸಿ ಹೊಲಿದು ನೂಲು ತುಂಬಿದ್ದೇನೆ. ನಿನ್ನೆ ಪಕ್ಕದ ಮನೆಯವರನ್ನು ಒಂದು ಕೋಳಿ ಕೇಳಿದೆ. ಯಾಕೆ, ನೆಂಟರು ಬರುತ್ತಾರಾ ಎಂದರು. ಹೌದು ಎಂದೆ.